ಡೊಂಬಿವಲಿಯಲ್ಲಿ ಗೋಳಿ ಇನ್‌ಸ್ಟಾಲ್ ಆಗುತ್ತಿಲ್ಲ

ಡೊಂಬಿವಲಿ ಪೂರ್ವ
5 ಫೆಬ್ರವರಿ 2012

ಪ್ರೇಕ್ಷಾಳಿಗೆ,

ಇದು ಜಗಳದ ಕಾಗದ ಅಲ್ಲ, ದೂರಿನ ಕಾಗದ. ಹಾಗಾಗಿ ಅರ್ಧಕ್ಕೆ ಮಡಚಿ ಇಡಬೇಡ, ಪೂರ್ತಿ ಓದು.

ಬೇಲಾಪುರದ ಸರಕಾರಿ ಆಫೀಸಿನ ಪರ್ಮನೆಂಟ್ ಕೆಲಸ ಬಿಟ್ಟು, ಆ ಪೃಥ್ವಿರಾಜ್ ಮತ್ತು ಮಾನಸಿಯ ಜೊತೆ ಸೇರಿ ನೀನು ಮಾಡಿದ ‘ಗೋಳಿ’ ಉಂಟಲ್ಲ, ವೆಬ್‌ಸೈಟ್ ಕಟ್ಟುವವರಿಗೆ ಬೇಕಾಗುವ ಫ್ರೇಮ್‌ವರ್ಕು, ಅದನ್ನು ನಮ್ಮ ಮನೆಯ ಕಂಪ್ಯೂಟರಿಗೆ ಹಾಕಲು ನೋಡಿದೆ. ಆಗಲಿಲ್ಲ. ನಿಮ್ಮ ಪುಟದಲ್ಲಿ ‘ಐದೇ ನಿಮಿಷದಲ್ಲಿ ನಿಮ್ಮ ಮೊದಲ ವೆಬ್‌ಸೈಟ್’ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದೀರಿ. ನಿನ್ನೆ ತಿಂಡಿ ತಿಂದು ಕೂತವ ಮಧ್ಯಾಹ್ನ ಲೋಡ್‌ಶೆಡ್ಡಿಂಗ್ ಆಗುವವರೆಗೂ ಕೂತೇ ಇದ್ದೆ. ಹೋಟೆಲಿನ ಗಲ್ಲೆಯಲ್ಲಿ ಇಡೀ ಆಯುಷ್ಯ ಕಳೆದವನು ನಾನು. ‘ಐದು ನಿಮಿಷ’ ಅಂತ ಹೇಳಿ ಗಿರಾಕಿಯನ್ನು ಅರ್ಧ ಗಂಟೆ ಕೂರಿಸುವ ವಿದ್ಯೆ ನನಗೂ ಗೊತ್ತು. ಆದರೆ ಕಡೆಗೆ ದೋಸೆ ಬರುತ್ತಿತ್ತು.

ಬಂದ ಎರರ್ ಇದು: ‘ಪಿಪ್ ಈಸ್ ನಾಟ್ ರೆಕಗ್ನೈಸ್ಡ್.’ ಪಿಪ್ ಅನ್ನುವವನ ಗುರುತು ಇಲ್ಲವಂತೆ. ನನಗೂ ಇಲ್ಲ. ಯಾರವ?

ಯಾಕೆ ಹಾಕಲು ಹೊರಟೆ ಅಂತ ನೀನು ಕೇಳುತ್ತಿ. ಊರಿಗೆ ಹೋಗುವವರ ಕಾಟ ನಿನಗೆ ಗೊತ್ತುಂಟು. ಹೋಟೆಲಿನಲ್ಲಿ ಇದ್ದಾಗ ಎಲ್ಲರೂ ಗಲ್ಲೆಗೆ ಬಂದು ‘ಚೆನ್ನಯಣ್ಣ, ಈ ವಾರ ಉಡುಪಿಗೆ ಯಾರು ಹೋಗುತ್ತಾರೆ? ಅಮ್ಮನ ಮಾತ್ರೆ ಕಳಿಸಲಿಕ್ಕುಂಟು’ ಅಂತ ಕೇಳುತ್ತಿದ್ದರು. ಬರುವವರ ಕೈಯಲ್ಲಿ ಕುಚ್ಚಲಕ್ಕಿ, ಹಪ್ಪಳ ತರಿಸುತ್ತಿದ್ದರು. ನಿವೃತ್ತನಾದರೂ ಕೇಳುವುದು ಬಿಟ್ಟಿಲ್ಲ. ಕಲ್ಯಾಣದಿಂದ ಠಾಣೆಯವರೆಗೆ ಎಲ್ಲರೂ ಮನೆಗೇ ಫೋನ್ ಮಾಡುತ್ತಾರೆ. ನಿನ್ನ ಅಮ್ಮ ಒಂದು ದಿನ ಫೋನನ್ನು ಅಕ್ಕಿ ಡಬ್ಬಿಯೊಳಗೆ ಹಾಕಿದಳು. ಯಾರು ಯಾವ ದಿನ ಎಲ್ಲಿಂದ ಎಲ್ಲಿಗೆ ಹೋಗುತ್ತಾರೆ ಅಂತ ಅವರವರೇ ಬರೆದುಕೊಳ್ಳುವ ಒಂದು ಪುಟ ಮಾಡಬೇಕು, ಅಷ್ಟೇ. ಠಾಕುರ್ಲಿಯ ಕಂಪ್ಯೂಟರ್ ಕ್ಲಾಸಿಗೆ ಸೇರಿದ್ದೇನೆ. ಕಲಿಸುವ ಸಿದ್ರಾಮ ಸರ್ ಬೇರೆ ದೊಡ್ಡ ದೊಡ್ಡ ಫ್ರೇಮ್‌ವರ್ಕಿನ ಹೆಸರು ಹೇಳಿದರು. ನಾನು ಗೋಳಿಯೇ ಆಗಬೇಕು ಅಂದೆ.

ನೀನು ಮನೆ ಬಿಟ್ಟು ಹೋದ ಆ ಚೌತಿಯ ಜಗಳದ ನಂತರ ನಾವಿಬ್ಬರು ಫೋನಿನಲ್ಲಿ ಮಾತಾಡಿದರೆ ಎರಡನೇ ಮಾತಿಗೆ ಕಿಡಿ ಹಾರುತ್ತದೆ ಅಂತ ನಿನ್ನ ಅಮ್ಮನ ತೀರ್ಮಾನ. ಈಮೇಲ್ ಅಂದರೆ, ಕನ್ನಡ ಟೈಪ್ ಮಾಡುವಷ್ಟರಲ್ಲಿ ನನ್ನ ಸಿಟ್ಟೇ ಆರಿ ಹೋಗುತ್ತದೆ. ನಮ್ಮ ಬಿಲ್ಡಿಂಗಿನ ಧರ್ಮಪಾಲ ದಿನಾ ಬೇಲಾಪುರದ ಕ್ಯಾಂಟೀನಿಗೆ ಹೋಗುತ್ತಾನಲ್ಲ, ಅವನ ಕೈಯಲ್ಲಿ ಕಳಿಸಿದ್ದೇನೆ. ಉತ್ತರವನ್ನೂ ಅವನಿಗೇ ಕೊಡು.

ದೂರುದಾರ,
ಚೆನ್ನಯ

---

ಬೇಲಾಪುರ
9 ಫೆಬ್ರವರಿ 2012

ಅಪ್ಪನಿಗೆ,

ಧರ್ಮಪಾಲಣ್ಣ ರೂಮಿನ ಬಾಗಿಲಲ್ಲೇ ನಿಂತು, ‘ಓದು, ಉತ್ತರ ಬರೆ, ನಾನು ನಿಲ್ತೇನೆ’ ಅಂದರು. ಅವತ್ತು ಆಗಲಿಲ್ಲ, ವಾಪಸ್ ಕಳಿಸಿದೆ. ಬೇಜಾರು ಮಾಡಿಕೊಳ್ಳಬೇಡಿ ಅಂತ ಹೇಳಿ.

ಪಿಪ್ ಅಂದರೆ ಮನುಷ್ಯ ಅಲ್ಲ. ಇಂಟರ್ನೆಟ್ಟಿನಿಂದ ಸಾಮಾನು ತಂದು ಜೋಡಿಸುವ ಒಂದು ಪ್ರೋಗ್ರಾಮ್. ಅದು ನಿಮ್ಮ ಕಂಪ್ಯೂಟರಿನಲ್ಲೇ ಇದೆ, ಆದರೆ ಎಲ್ಲಿದೆ ಅಂತ ವಿಂಡೋಸಿಗೆ ಹೇಳಿಕೊಟ್ಟಿಲ್ಲ. ಹೇಳಿಕೊಡುವ ಕ್ರಮ ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಹೇಳಿದ್ದನ್ನು ಹೇಳಿದ ಹಾಗೇ ಮಾಡಿ. ನಡುವೆ ನಿಮ್ಮದೇ ಸುಧಾರಣೆ ಬೇಡ.

ಗೋಳಿ ನಿಮಗೆ ಬೇಡ ಅಪ್ಪ. ಇಂಥ ಪುಟ ಬೇರೆ ಕಡೆ ಸಿದ್ಧವಾಗಿಯೇ ಸಿಗುತ್ತದೆ. ನೀವು ಹಟಕ್ಕೆ ಹಾಕುತ್ತಿದ್ದೀರಿ ಅಂತ ನನಗೆ ಗೊತ್ತು. ನಾನು ಮನೆ ಬಿಟ್ಟ ದಿನ ನೀವು ಕೇಳಿದ್ದು ಇನ್ನೂ ಕಿವಿಯಲ್ಲಿದೆ: ‘ಇದನ್ನು ಬಳಸುವವರು ಯಾರು? ಒಬ್ಬರ ಹೆಸರು ಹೇಳು ನೋಡುವ.’ ಈಗಲೂ ಹೇಳಲು ನನ್ನ ಹತ್ತಿರ ಹೆಸರಿಲ್ಲ. ಗೋಳಿ ಕೆಟ್ಟದ್ದು ಅಂತ ನೀವೇ ಹಾಕಿ ನೋಡಿ ಸಾಬೀತು ಮಾಡಬೇಕಾಗಿಲ್ಲ.

ಅಮ್ಮ ಕಳಿಸಿದ ಪತ್ರೊಡೆ ಮಾನಸಿಯೇ ಅರ್ಧ ತಿಂದಳು.

ಪ್ರೇಕ್ಷಾ

---

ಡೊಂಬಿವಲಿ
19 ಫೆಬ್ರವರಿ 2012

ಪ್ರೇಕ್ಷಾಳಿಗೆ,

ಪಿಪ್ ಸಿಕ್ಕಿದ. ಈಗ ಗೋಳಿಯನ್ನು ಹಾಕು ಅಂದರೆ ಹೊಸ ರಗಳೆ.

ಗೋಳಿಗೆ ಪುಟ ಜೋಡಿಸುವ ಇನ್ನೊಂದು ಪ್ಯಾಕೇಜು ಬೇಕಂತೆ, ಅದಕ್ಕೆ ಮತ್ತೊಂದು ಬೇಕಂತೆ, ಆ ಮತ್ತೊಂದು ನನ್ನ ಕಂಪ್ಯೂಟರಿನ ಪೈಥಾನ್ ಭಾಷೆಗೆ ಆಗುವುದಿಲ್ಲವಂತೆ. ಒಬ್ಬನನ್ನು ಊಟಕ್ಕೆ ಕರೆದರೆ ಅವನ ಭಾವ, ಭಾವನ ಷಡ್ಡಕ ಎಲ್ಲ ಬಂದು ಬಾಗಿಲಲ್ಲಿ ನಿಂತ ಹಾಗಾಯಿತು. ಎರರನ್ನು ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ, ಗಟ್ಟಿಯಾಗಿ ಓದಿದರೆ ಅರ್ಥವಾಗುತ್ತದೆ: ‘ನೋ ಮ್ಯಾಚಿಂಗ್ ಡಿಸ್ಟ್ರಿಬ್ಯೂಶನ್ಸ್ ಫೌಂಡ್.’

ಸಿದ್ರಾಮ ಸರಿಗೆ ತೋರಿಸಿದೆ. ಅವರು ಕಲಬುರ್ಗಿ ಕಡೆಯವರು. ‘ಕಾಕಾ, ಈ ವಯಸ್ಸಿನ್ಯಾಗ ಯಾಕ್ರಿ ಇಷ್ಟು ತ್ರಾಸ ತಗೋತೀರಿ, ಎಕ್ಸೆಲ್ ಕಲೀರಿ ಸಾಕು’ ಅಂದರು. ನನ್ನ ಮಗಳು ಮಾಡಿದ್ದು ಅಂತ ನಾನು ಹೇಳಿರಲಿಲ್ಲ. ಆಗ ಹೇಳಿದೆ. ಕ್ಲಾಸಿನಲ್ಲಿ ಇದ್ದವರೆಲ್ಲ ತಿರುಗಿ ನೋಡಿದರು.

ಹಟ ಅಂತ ಬರೆದಿದ್ದಿ. ಹಟವೇ. ಆದರೆ ಯಾವುದರ ಹಟ ಅಂತ ನೀನು ಅಂದುಕೊಂಡದ್ದು ತಪ್ಪು. ಅದು ಇರಲಿ, ಎರರಿಗೆ ಉತ್ತರ ಬರೆ.

ಚೆನ್ನಯ

---

ಬೇಲಾಪುರ
27 ಫೆಬ್ರವರಿ 2012

ಅಪ್ಪನಿಗೆ,

ನಿಮ್ಮ ಎರರನ್ನು ನಾನು, ಪೃಥ್ವಿರಾಜ್, ಮಾನಸಿ ಮೂವರೂ ಗಟ್ಟಿಯಾಗಿ ಓದಿದೆವು. ಪೃಥ್ವಿ ಠಾಣೆಯಲ್ಲೇ ಹುಟ್ಟಿದವ, ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ‘ಅಂಕಲ್ ಕಾ ಎರರ್ ಮಸ್ತ್ ಹೈ’ ಅಂತ ಎದ್ದು ಬಿದ್ದು ನಕ್ಕ. ಈ ರೂಮಿನಲ್ಲಿ ನಗು ಕೇಳದೆ ಬಹಳ ದಿನವಾಗಿತ್ತು.

ಹೀಗೆ ಒಂದರ ಬೆನ್ನಿಗೆ ಒಂದು ಬರುವುದಕ್ಕೆ ಡಿಪೆಂಡೆನ್ಸಿ ಅನ್ನುತ್ತಾರೆ. ಎಲ್ಲವನ್ನೂ ನಾವೇ ಮಾಡಲು ಆಗುವುದಿಲ್ಲ. ಬೇರೆ ಬೇರೆ ದೇಶದವರು ಮಾಡಿಟ್ಟದ್ದನ್ನು ಬಳಸುತ್ತೇವೆ. ನೀವು ಪೈಥಾನ್ ಮೂರು ಹಾಕಿದ್ದೀರಿ, ಅಲ್ಲವಾ? ಹೊಸದು ಒಳ್ಳೆಯದು ಅಂತ ಹಾಕಿರುತ್ತೀರಿ. ಆ ಭಾವನ ಷಡ್ಡಕನಿಗೆ ಇನ್ನೂ ಹಳೆಯದೇ ಆಗಬೇಕು. ಮೂರನ್ನು ತೆಗೆದು ಎರಡು ಪಾಯಿಂಟ್ ಏಳು ಹಾಕಿ. ಪೆನ್‌ಡ್ರೈವಿನಲ್ಲಿ ಕಳಿಸಿದ್ದೇನೆ, ಡೌನ್‌ಲೋಡ್ ಮಾಡುವಾಗ ಕರೆಂಟ್ ಹೋದರೆ ಮತ್ತೆ ನನಗೇ ಬೈಗುಳ.

ಇನ್ನು ಎಲ್ಲ ಸರಿಯಾಗಬೇಕು. ಆದ ಮೇಲೆ ತಿಳಿಸಿ.

ಪ್ರೇಕ್ಷಾ

---

ಡೊಂಬಿವಲಿ
11 ಮಾರ್ಚ್ 2012

ಪ್ರೇಕ್ಷಾಳಿಗೆ,

ಆಗಲಿಲ್ಲ.

ಈ ಸಲ ತುತ್ತು ಬಾಯಿಯವರೆಗೆ ಬಂತು. ಎಲ್ಲವೂ ಇಳಿಯಿತು, ಭಾವನೂ ಬಂದ, ಷಡ್ಡಕನೂ ಬಂದ. ನಿನ್ನ ಅಮ್ಮನನ್ನು ಒಲೆಯ ಮುಂದಿನಿಂದ ಕರೆದು ‘ನೋಡು, ಪ್ರೇಕ್ಷಾಳ ಗೋಳಿ ಆಗ್ತಾ ಉಂಟು’ ಅಂತ ತೋರಿಸಿದೆ. ಅವಳು ಸೌಟು ಹಿಡಿದುಕೊಂಡೇ ಬಂದು ನಿಂತಳು. ಆಮೇಲೆ ಒಂದು ರಾಶಿ ಕೆಂಪು ಅಕ್ಷರ ಬಂದು ಎಲ್ಲ ಮುಗಿಯಿತು. ಕೊನೆಯ ಸಾಲು: ‘ದಿ ಫೈಲ್‌ನೇಮ್, ಡೈರೆಕ್ಟರಿ ನೇಮ್ ಆರ್ ವಾಲ್ಯೂಮ್ ಲೇಬಲ್ ಸಿಂಟ್ಯಾಕ್ಸ್ ಈಸ್ ಇನ್‌ಕರೆಕ್ಟ್.’ ಅದರ ಮುಂದೆ ನನ್ನ ಫೋಲ್ಡರಿನ ವಿಳಾಸ ಉಂಟು, ಅದರಲ್ಲಿ ಬರೆಯುವಂಥದ್ದು ಏನಿಲ್ಲ.

ಕಂಪ್ಯೂಟರನ್ನು ಆಫ್ ಮಾಡಿ, ದೇವರಿಗೆ ಕೈ ಮುಗಿದು, ಮತ್ತೆ ಮಾಡಿದೆ. ಅದೇ. ಎಲ್ಲ ಅಳಿಸಿ ಹೊಸದಾಗಿ ಹಾಕಿದೆ. ಅದೇ. ತಲೆ ಕೆಟ್ಟು ಹೋಯಿತು ಮಾರಾಯ್ತಿ.

ನಿಮ್ಮ ಪುಟದಲ್ಲಿ ‘ಸಹಾಯ’ ಅಂತ ಒಂದು ಮೂಲೆ ಉಂಟಲ್ಲ, ಅಲ್ಲಿ ಬರೆಯುವ ಅಂತ ಹೋದೆ. ಎಲ್ಲ ಇಂಗ್ಲಿಷು. ಹಾಗಾಗಿ ನಿನಗೇ ಬರೆಯುತ್ತಿದ್ದೇನೆ.

ಚೆನ್ನಯ

---

ಬೇಲಾಪುರ
21 ಮಾರ್ಚ್ 2012

ಅಪ್ಪನಿಗೆ,

ಮೂರು ಕಂಪ್ಯೂಟರುಗಳಲ್ಲಿ ಹಾಕಿ ನೋಡಿದೆವು. ನಿಮ್ಮದೇ ವಿಂಡೋಸ್, ನಿಮ್ಮದೇ ಪೈಥಾನ್. ಎಲ್ಲ ಕಡೆ ಆಗುತ್ತದೆ. ಆಂಟಿವೈರಸ್ ಬಂದ್ ಮಾಡಿ ನೋಡಿ. ಡಿಸ್ಕಿನಲ್ಲಿ ಜಾಗ ಇದೆಯಾ ನೋಡಿ. ಅಷ್ಟು ಬಿಟ್ಟರೆ ನನಗೆ ಬೇರೇನೂ ಹೊಳೆಯುತ್ತಿಲ್ಲ.

ನಿಜ ಹೇಳುತ್ತೇನೆ, ಬಿಟ್ಟುಬಿಡಿ ಅಪ್ಪ. ನಾವೂ ಬಿಡುವ ಮಾತಾಡುತ್ತಿದ್ದೇವೆ. ಗೋಳಿಯನ್ನು ಇಳಿಸಿಕೊಂಡವರು ನೂರಾರು ಜನ ಇದ್ದಾರೆ, ಆದರೆ ತಿರುಗಿ ಬಂದವರು ಇಲ್ಲ. ಯಾಕೆ ಅಂತ ಯಾರೂ ಹೇಳುವುದಿಲ್ಲ, ಸುಮ್ಮನೆ ಹೋಗಿಬಿಡುತ್ತಾರೆ. ಪೃಥ್ವಿಗೆ ಐರೋಲಿಯ ಕಂಪೆನಿಯಿಂದ ಕರೆ ಬಂದಿದೆ. ಮೇ ತಿಂಗಳವರೆಗೆ ನೋಡುವುದು, ಆಮೇಲೆ ಬಾಗಿಲು ಹಾಕುವುದು ಅಂತ ಆಗಿದೆ. ನನ್ನ ಹಳೆಯ ಆಫೀಸಿನಲ್ಲಿ ಮತ್ತೆ ಅದೇ ಹುದ್ದೆಗೆ ಕರೆದಿದ್ದಾರೆ. ಅರ್ಜಿಗೆ ಕೊನೆಯ ದಿನ ಮೇ ಹದಿನೈದು. ನಿಮಗೆ ಸಮಾಧಾನ ಆಗಬಹುದು ಅಂತ ಹೇಳಿದೆ.

ಬಿಸು ಹಬ್ಬಕ್ಕೆ ಬಾ ಅಂತ ಅಮ್ಮ ಚೀಟಿ ಇಟ್ಟಿದ್ದಾರೆ. ಆಗುವುದಿಲ್ಲ. ಈ ಮುಖ ಹೊತ್ತುಕೊಂಡು ಬರಲು ಮನಸ್ಸಿಲ್ಲ.

ಪ್ರೇಕ್ಷಾ

---

ಡೊಂಬಿವಲಿ
8 ಏಪ್ರಿಲ್ 2012

ನನ್ನ ಪ್ರೇಕ್ಷಾ,

ನಾನು ಅಮ್ಮ ಬರೆಯುವುದು. ಇವರು ಠಾಕುರ್ಲಿಗೆ ಕ್ಲಾಸಿಗೆ ಹೋಗಿದ್ದಾರೆ, ಬರುವುದರೊಳಗೆ ಬರೆದು ಧರ್ಮಪಾಲನಿಗೆ ಕೊಡುತ್ತೇನೆ.

ನಿನ್ನ ಕಾಗದ ಬಂದ ದಿನ ಇವರು ಊಟ ಬೇಡ ಅಂದರು. ‘ನಿಮಗೆ ಸಮಾಧಾನ ಆಗಬಹುದು’ ಅಂತ ನೀನು ಬರೆದದ್ದನ್ನು ನನಗೆ ಓದಿ ಹೇಳಿ, ‘ಸಮಾಧಾನ ಅಂತೆ!’ ಅಂತ ಒಂದು ಸಲ ಗದರಿದರು. ನಂತರ ಬಾಲ್ಕನಿಯಲ್ಲಿ ಕೂತರು. ಇವರಿಗೆ ಉತ್ತರ ಬರೆಯಲು ಕೈ ಬರುತ್ತಿಲ್ಲ. ಆದರೆ ಕಂಪ್ಯೂಟರಿನ ಮುಂದೆ ಕೂರುವುದು ಮಾತ್ರ ಬಿಟ್ಟಿಲ್ಲ. ದಿನಾ ಸ್ನಾನ ಮಾಡಿ, ಕುಂಕುಮ ಇಟ್ಟು, ಗೋಳಿ ಹಾಕಲು ಕೂರುತ್ತಾರೆ. ದಿನಾ ಕೆಂಪು ಅಕ್ಷರ ಬರುತ್ತದೆ. ‘ಯಾಕೆ ಇಷ್ಟು ಜೀವ ತೇಯುತ್ತೀರಿ’ ಅಂತ ಕೇಳಿದೆ. ‘ಒಬ್ಬನಾದರೂ ಬಳಸಬೇಕಲ್ಲ ಮೋಹಿನಿ’ ಅಂದರು.

ನನಗೆ ಇದೆಲ್ಲ ತಿಳಿಯುವುದಿಲ್ಲ ಮಗಾ. ಆದರೆ ಒಂದು ವಿಷಯ ಹೇಳುತ್ತೇನೆ, ಇವರು ನಿನಗೆ ಬರೆದಿರಲಿಕ್ಕಿಲ್ಲ. ಪ್ರತಿ ಸಲ ಆ ಕೆಂಪು ಸಾಲಿನ ಕೊನೆಯಲ್ಲಿ ಸಾಲಾಗಿ ನಾಲ್ಕು ಪ್ರಶ್ನೆಚಿಹ್ನೆ ಬರುತ್ತದೆ. ‘ಸಿ, ಯೂಸರ್ಸ್’ ಅಂತ ಬಂದು, ಅದರ ಮುಂದೆ ನಾಲ್ಕು ಪ್ರಶ್ನೆಚಿಹ್ನೆ. ‘ಅದನ್ನೂ ಬರೆಯಿರಿ’ ಅಂದರೆ, ‘ಅದು ಎರರ್ ಅಲ್ಲ, ನೀನು ಯಾರು ಮುದುಕ, ನಿನಗೆ ಇದೆಲ್ಲ ಯಾಕೆ ಅಂತ ಕಂಪ್ಯೂಟರ್ ಕೇಳುವುದು, ಅದನ್ನು ಮಗಳಿಗೆ ಬೇರೆ ಬರೆಯಬೇಕಾ’ ಅಂತ ನನ್ನ ಬಾಯಿ ಮುಚ್ಚಿಸಿದರು. ಹೊರಗೆ ನಗುತ್ತಾರೆ, ಒಳಗೆ ನಾಚಿಕೆ.

ನೀನು ಸಮಯಕ್ಕೆ ಸರಿಯಾಗಿ ಊಟ ಮಾಡು. ಡಬ್ಬಿಯಲ್ಲಿ ಹಲಸಿನ ಹಪ್ಪಳ ಉಂಟು. ಮಾನಸಿಗೂ ಕೊಡು.

ನಿನ್ನ ಅಮ್ಮ,
ಮೋಹಿನಿ

---

ಬೇಲಾಪುರ
10 ಏಪ್ರಿಲ್ 2012

ಅಪ್ಪಾ,

ಅಮ್ಮ ಬರೆದಿದ್ದಾರೆ, ಅವರಿಗೆ ಬೈಯಬೇಡಿ. ಅವರು ಬರೆಯದಿದ್ದರೆ ಇದು ಈ ಜನ್ಮದಲ್ಲಿ ಗೊತ್ತಾಗುತ್ತಿರಲಿಲ್ಲ.

ಆ ನಾಲ್ಕು ಪ್ರಶ್ನೆಚಿಹ್ನೆ ನೀವೇ.

ನಿಮ್ಮ ಹೋಟೆಲಿನವರು ನಿಮ್ಮನ್ನು ಬೀಳ್ಕೊಟ್ಟ ವಾರ ನಾನು ಆ ಕಂಪ್ಯೂಟರ್ ತಂದು ಜೋಡಿಸಿದ್ದು ನೆನಪಿದೆಯಾ? ಯೂಸರ್ ಹೆಸರು ಕೇಳಿದಾಗ ಎಲ್ಲರೂ ಇಂಗ್ಲಿಷಿನಲ್ಲಿ ಹಾಕುತ್ತಾರೆ. ನೀವು ಲೈಟ್ ಬಿಲ್ಲಿನ ಚೆಕ್ಕಿಗೂ ಕನ್ನಡದಲ್ಲಿ ಸಹಿ ಹಾಕುವವರು, ಖುಷಿಯಾಗಲಿ ಅಂತ ನಾನು ಕನ್ನಡದಲ್ಲಿ ‘ಅಪ್ಪ’ ಅಂತ ಟೈಪ್ ಮಾಡಿದೆ. ವಿಂಡೋಸ್ ಅದೇ ಹೆಸರಿನಲ್ಲಿ ಫೋಲ್ಡರ್ ಮಾಡಿತು. ನಾನು ಮರೆತೇ ಬಿಟ್ಟಿದ್ದೆ. ಆ ಷಡ್ಡಕ ಪ್ಯಾಕೇಜು ಬಂದ ಸಾಮಾನನ್ನು ಮೊದಲು ನಿಮ್ಮ ಫೋಲ್ಡರಿನೊಳಗೆ ಬಿಚ್ಚಿ ಇಡಬೇಕು. ಅದಕ್ಕೆ ಕನ್ನಡ ಓದಲು ಬರುವುದಿಲ್ಲ. ಓದಲಾಗದ ಒಂದೊಂದು ತುಂಡಿಗೂ ಒಂದೊಂದು ಪ್ರಶ್ನೆಚಿಹ್ನೆ ಹಾಕುತ್ತದೆ. ಅ ಒಂದು, ಪ ಒಂದು, ಒತ್ತು ಕೊಡುವುದಕ್ಕೆ ಒಂದು, ಇನ್ನೊಂದು ಪ. ಅಂಥ ಹೆಸರಿನ ಫೋಲ್ಡರ್ ಇಲ್ಲ ಅಂತ ಕೈಚೆಲ್ಲಿ ಕೂರುತ್ತದೆ. ನಮ್ಮ ಕಂಪ್ಯೂಟರುಗಳಲ್ಲಿ ಎಲ್ಲರ ಹೆಸರೂ ಇಂಗ್ಲಿಷಿನಲ್ಲಿದೆ, ಅದಕ್ಕೇ ನಮಗೆ ಬರಲಿಲ್ಲ.

ಯಾರೂ ನಿಮ್ಮನ್ನು ‘ನೀನು ಯಾರು’ ಅಂತ ಕೇಳುತ್ತಿರಲಿಲ್ಲ ಅಪ್ಪ.

ಈಗ ಉಪಾಯ ಸುಲಭ. ಇಂಗ್ಲಿಷ್ ಅಕ್ಷರದಲ್ಲಿ ಇನ್ನೊಂದು ಯೂಸರ್ ಮಾಡಿ, ಅದರಲ್ಲಿ ಗೋಳಿ ಹಾಕಿ. ನಿಜವಾಗಿಯೂ ಐದು ನಿಮಿಷದ ಕೆಲಸ. ತಪ್ಪು ಗೋಳಿಯದ್ದಲ್ಲ, ಆ ಪ್ಯಾಕೇಜಿನದ್ದು. ಕ್ರಮ ಬರೆದಿಟ್ಟಿದ್ದೇನೆ.

ಪ್ರೇಕ್ಷಾ

---

ಡೊಂಬಿವಲಿ
13 ಏಪ್ರಿಲ್ 2012

ಪ್ರೇಕ್ಷಾಳಿಗೆ,

ಮಾಡುವುದಿಲ್ಲ.

ಕಂಪ್ಯೂಟರ್ ಶುರುವಾಗುವಾಗ ಪರದೆಯ ನಡುವೆ ‘ಅಪ್ಪ’ ಅಂತ ಬರುತ್ತದೆ. ಚೌತಿಯಿಂದ ಈಚೆಗೆ ಈ ಮನೆಯಲ್ಲಿ ನನ್ನನ್ನು ಹಾಗೆ ಕರೆಯುವುದು ಅದೊಂದೇ. ಅದನ್ನು ತೆಗೆದು ಇಂಗ್ಲಿಷಿನಲ್ಲಿ ಎಂಥದೋ ಬರೆದು ಒಳಗೆ ಹೋಗು ಅಂದರೆ ನಾನು ಹೋಗುವವನಲ್ಲ.

ಇದು ಅಪ್ಪನ ಮಾತು. ಇನ್ನು ದೂರುದಾರನ ಮಾತು ಕೇಳು. ‘ನಿನ್ನ ಹೆಸರು ಬದಲಿಸಿಕೊಂಡು ಬಾ, ಊಟ ಬಡಿಸುತ್ತೇವೆ’ ಅಂತ ಗಿರಾಕಿಗೆ ಯಾವ ಹೋಟೆಲಿನವನಾದರೂ ಹೇಳುತ್ತಾನಾ? ತಪ್ಪು ಗೋಳಿಯದ್ದಲ್ಲ, ಪ್ಯಾಕೇಜಿನದ್ದು ಅಂತ ಬರೆದಿದ್ದಿ. ನಮ್ಮಲ್ಲಿ ಹಾಲಿನವ ಬರದ ದಿನ ನಾನು ಗಿರಾಕಿಯ ಮುಂದೆ ಹಾಲಿನವನ ಹೆಸರು ಎತ್ತುತ್ತಿರಲಿಲ್ಲ. ಎಲ್ಲಿಂದಾದರೂ ಹಾಲು ತರಿಸುತ್ತಿದ್ದೆ. ಬೋರ್ಡಿನ ಮೇಲೆ ಇರುವುದು ನಮ್ಮ ಹೆಸರು.

ನನಗೆ ಇನ್ನೊಂದು ಅನುಮಾನ. ಹೆಸರನ್ನು ಅವರವರ ಅಕ್ಷರದಲ್ಲಿ ಹಾಕಿಕೊಂಡ ಹುಚ್ಚರು ಪ್ರಪಂಚದಲ್ಲಿ ನಾವಿಬ್ಬರೇ ಇರಲಿಕ್ಕಿಲ್ಲ. ಸುಮ್ಮನೆ ಹೋಗಿಬಿಡುತ್ತಾರೆ ಅಂತ ಬರೆದಿದ್ದಿಯಲ್ಲ, ಅವರಲ್ಲಿ ಎಷ್ಟು ಜನ ಬಾಗಿಲಲ್ಲೇ ನಾಲ್ಕು ಪ್ರಶ್ನೆಚಿಹ್ನೆ ತಿಂದು ಹೋದವರೋ, ಒಮ್ಮೆ ನೋಡು.

ನಾಳೆ ಬಿಸು. ನೀನು ಬರುವುದಿಲ್ಲ ಅಂತ ಗೊತ್ತು. ಆದರೂ ಬೆಳಿಗ್ಗೆ ಎದ್ದ ಕೂಡಲೇ ನೋಡಲು ಜೋಡಿಸುವ ಕಣಿಯ ಮುಂದೆ ಕನ್ನಡಿ ಇಡುವಾಗ ನಿನ್ನ ಅಮ್ಮ ನಿನ್ನ ಫೋಟೋವನ್ನೂ ಇಡುತ್ತಾಳಂತೆ. ಅಕ್ಕಿ, ತೆಂಗಿನಕಾಯಿ, ಗೇರುಹಣ್ಣಿನ ಬದಲು ಅಂಗಡಿಯ ಮಾವಿನಹಣ್ಣು. ಇಲ್ಲಿ ಸಿಗುವುದರಲ್ಲೇ ನಮ್ಮ ಹಬ್ಬ.

ಚೆನ್ನಯ

---

ಬೇಲಾಪುರ
6 ಮೇ 2012

ಅಪ್ಪಾ,

ತಡವಾಯಿತು. ನೀವು ಸಿಟ್ಟಾಗಿರುತ್ತೀರಿ ಅಂತ ಗೊತ್ತಿದ್ದೂ ಬರೆಯಲಿಲ್ಲ. ಮೊದಲು ಕೆಲಸ ಆಗಲಿ ಅಂತ ಪಟ್ಟು ಹಿಡಿದು ಕೂತಿದ್ದೆವು.

ನಿಮ್ಮ ಕಾಗದ ಬಂದ ದಿನ ಪೃಥ್ವಿ ಐರೋಲಿಗೆ ಇಂಟರ್‌ವ್ಯೂಗೆ ಹೊರಟಿದ್ದ, ಶೂ ಕೂಡ ಹಾಕಿಕೊಂಡಿದ್ದ. ಹಾಲಿನವನ ಮಾತನ್ನು ಗಟ್ಟಿಯಾಗಿ ಓದಿ ಹೇಳಿದೆ. ಅವನು ಹೋದ, ಆದರೆ ಸಂಜೆ ವಾಪಸ್ ಬಂದವನೇ ಶೂ ಬಿಚ್ಚದೆ ಕೂತು, ನಮಗೆ ಬಂದ ಹಳೆಯ ದೂರುಗಳನ್ನೆಲ್ಲ ತೆಗೆದ. ನೀವು ಹೇಳಿದ್ದು ಸರಿ, ಯಾರೂ ಹೇಳುವುದಿಲ್ಲ ಅಂತ ನಾನು ಬರೆದದ್ದು ತಪ್ಪು. ಪುಣೆಯ ಒಬ್ಬರು, ಬ್ಯಾಂಕಾಕಿನ ಒಬ್ಬರು, ಇನ್ನೂ ಯಾರ್ಯಾರೋ ಇದೇ ಎರರನ್ನು ಬರೆದಿದ್ದರು. ‘ನಮ್ಮಲ್ಲಿ ಸರಿಯಾಗಿದೆ’ ಅಂತ ನಾವೇ ಉತ್ತರ ಕೊಟ್ಟು ಮುಗಿಸಿದ್ದೆವು. ಅವರ ಹೆಸರುಗಳನ್ನು ನಾವು ನೋಡಿರಲೇ ಇಲ್ಲ.

ಮಾನಸಿ ತನ್ನ ಕಂಪ್ಯೂಟರಿನಲ್ಲಿ ಅಜ್ಜಿಯ ಹೆಸರನ್ನು ಮರಾಠಿಯಲ್ಲಿ ಹಾಕಿದಳು. ಕೂಡಲೇ ಪ್ರಶ್ನೆಚಿಹ್ನೆ ಬಂತು. ಎರರ್ ಕಂಡು ಅಷ್ಟು ಖುಷಿಪಟ್ಟದ್ದು ಇದೇ ಮೊದಲು. ಫೋಲ್ಡರಿನ ಹೆಸರನ್ನು ವಿಂಡೋಸಿಗೆ ಕೇಳುವ ಹೊಸ ಕ್ರಮ ಒಂದಿದೆ, ಆ ಪ್ಯಾಕೇಜು ಹಳೆಯ ಕ್ರಮದಲ್ಲಿ ಕೇಳುತ್ತಿತ್ತು. ಪೃಥ್ವಿ ತಿದ್ದಿದ, ನಾನು ಆ ಪ್ಯಾಕೇಜಿನವರಿಗೆ ಬರೆದೆ. ಮೊದಲು ಬೇಡ ಅಂದರು. ಮತ್ತೆ ಬರೆದೆ. ‘ನಮ್ಮ ಒಬ್ಬ ಗಿರಾಕಿ ಹೆಸರು ಬದಲಿಸಲು ಒಪ್ಪುತ್ತಿಲ್ಲ’ ಅಂತ ಬರೆದೆ. ಒಪ್ಪಿಕೊಂಡರು. ನಿನ್ನೆ ಹೊಸ ಗೋಳಿ ಹೊರಬಂತು. ಬ್ಯಾಂಕಾಕಿನವರು ಆಗಲೇ ಹಾಕಿ ನೋಡಿ, ಆಯಿತು ಅಂತ ಬರೆದಿದ್ದಾರೆ.

ನಮ್ಮ ಪುಟದಲ್ಲಿ ‘ಬಳಸುವವರು’ ಅಂತ ಒಂದು ಜಾಗ ಯಾವಾಗಲೂ ಖಾಲಿ ಇತ್ತು. ಅಲ್ಲಿ ಮೊದಲ ಹೆಸರು ಹಾಕಿದ್ದೇವೆ, ಕನ್ನಡದಲ್ಲೇ: ‘ಅಪ್ಪ, ಡೊಂಬಿವಲಿ.’ ಒಬ್ಬರ ಹೆಸರು ಹೇಳು ಅಂದಿದ್ದಿರಲ್ಲ.

ಈಗ ಹಾಕಿ ನೋಡಿ. ಹೆಸರು ಬದಲಿಸಬೇಡಿ.

ನಿಮ್ಮ
ಪ್ರೇಕ್ಷಾ

---

ಡೊಂಬಿವಲಿ
13 ಮೇ 2012

ಮಗಳೇ,

ಆಯಿತು!

ಕೆಂಪು ಬರಲಿಲ್ಲ. ಎಲ್ಲ ಇಳಿಯಿತು, ಎಲ್ಲ ಕೂತಿತು, ಕೊನೆಯಲ್ಲಿ ಒಂದು ಸಾಲು ಬಂತು, ‘ಸಕ್ಸೆಸ್‌ಫುಲೀ ಇನ್‌ಸ್ಟಾಲ್ಡ್ ಗೋಳಿ.’ ನಾನು ಕೂಗಿದ ಕೂಗಿಗೆ ಕೆಳಗಿನ ಮಹಡಿಯ ಕುಲಕರ್ಣಿ ಬಾಯಿ ‘ಕಾಯ್ ಝಾಲಂ?’ ಅಂತ ಓಡಿ ಬಂದರು. ನಿನ್ನ ಅಮ್ಮ ಅವರಿಗೆ ‘ಪೋರಿಚಂ ಗೋಳಿ ಝಾಲಂ’, ಮಗಳ ಗೋಳಿ ಆಯಿತು, ಅಂದಳು. ಅವರಿಗೆ ಎಂಥ ಅರ್ಥವಾಯಿತೋ, ಆಯುಷ್ಯ ಗಟ್ಟಿಯಾಗಲಿ ಅಂತ ಹರಸಿ ಹೋದರು. ಅಮ್ಮ ಆ ಸಂಜೆ ತಿನ್ನುವ ಗೋಳಿಬಜೆಯನ್ನೂ ಮಾಡಿದಳು. ಧರ್ಮಪಾಲ ಬಂದು ಲೆಕ್ಕವಿಲ್ಲದೆ ತಿಂದ.

ವಾರವಿಡೀ ಕೂತು ಪುಟ ಮಾಡಿದೆ. ‘ಊರಿಗೆ ಹೋಗುವವರು’ ಅಂತ ಹೆಸರು. ಯಾರು, ಎಲ್ಲಿಂದ, ಎಲ್ಲಿಗೆ, ಯಾವ ದಿನ, ಏನು ತರಬಹುದು, ಇಷ್ಟೇ. ಸಿದ್ರಾಮ ಸರಿಗೆ ತೋರಿಸಿದೆ. ‘ಕಾಕಾ, ಭಾಳ ಛಂದ ಆಗೇದ್ರಿ, ನಮ್ಮ ಕಡಿ ಮಂದಿಗೂ ಒಂದು ಮಾಡ್ಕೊಡ್ರಿ’ ಅಂದರು. ಮುಂದಿನ ಬ್ಯಾಚಿಗೆ ಗೋಳಿಯನ್ನೇ ಕಲಿಸುವ ಯೋಚನೆ ಉಂಟಂತೆ. ನಿನ್ನನ್ನು ಒಮ್ಮೆ ಕ್ಲಾಸಿಗೆ ಕರೆಯಲು ಹೇಳಿದ್ದಾರೆ.

ಆ ಆಫೀಸಿನ ವಿಷಯ. ಅರ್ಜಿ ಹಾಕುವುದು ಬಿಡುವುದು ನಿನಗೆ ಬಿಟ್ಟದ್ದು, ನಾನು ಮೂಗು ತೂರಿಸುವುದಿಲ್ಲ. ಹಾಕಿದರೂ ನನಗೆ ಸಂತೋಷ. ಆದರೆ ‘ಯಾರೂ ಬಳಸುವುದಿಲ್ಲ’ ಅನ್ನುವ ಕಾರಣಕ್ಕೆ ಮಾತ್ರ ಹಾಕಬೇಡ. ನಾನು ಬಳಸುತ್ತಿದ್ದೇನೆ.

ಪುಟವನ್ನು ಪರೀಕ್ಷೆ ಮಾಡಬೇಕಲ್ಲ, ಮೊದಲ ಹೆಸರು ನಾನೇ ತುಂಬಿಸಿದೆ. ಯಾರು: ಪ್ರೇಕ್ಷಾ. ಎಲ್ಲಿಂದ: ಬೇಲಾಪುರ. ಎಲ್ಲಿಗೆ: ಡೊಂಬಿವಲಿ. ಏನು ತರಬಹುದು: ಏನೂ ಬೇಡ, ಬಂದರೆ ಸಾಕು. ‘ಯಾವ ದಿನ’ ಅನ್ನುವಲ್ಲಿ ಏನು ಹಾಕುವುದು ಅಂತ ತಿಳಿಯದೆ ಖಾಲಿ ಬಿಟ್ಟೆ. ಖಾಲಿ ಬಿಟ್ಟರೆ ಸೇವ್ ಆಗುವುದಿಲ್ಲ, ಮತ್ತೆ ಕೆಂಪು ಅಕ್ಷರ ಬರುತ್ತದೆ. ಈ ಎರರ್ ಯಾರದ್ದು, ನನ್ನದಾ ಗೋಳಿಯದ್ದಾ, ನೋಡಿ ಹೇಳು.

ನಿನ್ನ
ಅಪ್ಪ

---

ಬೇಲಾಪುರ
15 ಮೇ 2012

ಅಪ್ಪಾ,

ಇವತ್ತು ಹದಿನೈದು. ಅರ್ಜಿ ಹಾಕಲಿಲ್ಲ. ಪೃಥ್ವಿ ಐರೋಲಿಯ ಕೆಲಸ ಹಿಡಿದಿದ್ದಾನೆ, ಆದರೆ ಶನಿವಾರ ಭಾನುವಾರ ಗೋಳಿಗೆ ಅಂತ ಮಾತು ಕೊಟ್ಟಿದ್ದಾನೆ. ನಾನು ಮತ್ತು ಮಾನಸಿ ಪೂರ್ತಿ ಇರುತ್ತೇವೆ. ಮುಂದೆ ಏನು ಅಂತ ಗೊತ್ತಿಲ್ಲ. ಭಯ ಇದೆ, ಆದರೆ ಮೊದಲಿನ ಭಯ ಅಲ್ಲ.

ನಿಮ್ಮ ಎರರ್ ಗೋಳಿಯದ್ದಲ್ಲ, ಗೋಳಿ ಸರಿಯಾಗಿಯೇ ಕೇಳುತ್ತಿದೆ. ಖಾಲಿ ಬಿಟ್ಟ ಜಾಗದಲ್ಲಿ ಹೀಗೆ ತುಂಬಿಸಿ: ಭಾನುವಾರ, ಮೇ ಇಪ್ಪತ್ತು. ಬೆಳಿಗ್ಗೆ ಠಾಣೆಯಲ್ಲಿ ಗಾಡಿ ಬದಲಿಸಿ ಬರುತ್ತೇನೆ, ಮಾನಸಿಯನ್ನೂ ಕರೆತರುತ್ತೇನೆ. ‘ಏನೂ ಬೇಡ’ ಅನ್ನುವುದನ್ನು ಅಳಿಸಿ, ಸಿದ್ರಾಮ ಸರ್ ಕ್ಲಾಸಿಗೆ ಗೋಳಿ ತುಂಬಿದ ಪೆನ್‌ಡ್ರೈವ್ ಅಂತ ಬರೆಯಿರಿ. ಸೇವ್ ಒತ್ತುವಾಗ ಫೋನ್ ನಿಮ್ಮ ಕೈಯಲ್ಲೇ ಇರಲಿ, ಅಕ್ಕಿ ಡಬ್ಬಿಯಿಂದ ಹೊರಗೆ ತೆಗೆಯಲು ಅಮ್ಮನಿಗೆ ಹೇಳಿ. ಕೆಂಪು ಬಂದರೆ ಕಾಗದ ಬರೆಯಬೇಡಿ, ನನಗೆ ಕರೆ ಮಾಡಿ. ಕೆಂಪು ಬರದಿದ್ದರೂ ಮಾಡಿ.

ನಿಮ್ಮ ಮಗಳು,
ಪ್ರೇಕ್ಷಾ